ಟವೆಲ್ಲಿನ ಕೆಳಗಿನ ಕೈ

ಕನಕಪ್ಪನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆಯಿಲ್ಲ, ಮುಖದ ಮೇಲೂ ಇಲ್ಲ. ಹಾವೇರಿಯ ದನದ ಸಂತೆಯಲ್ಲಿ ತಲೆ ಬೆಳ್ಳಗಾಗುವವರೆಗೆ ದಲಾಲಿ ಮಾಡಿದ ಮನುಷ್ಯ. ಅವನ ನಂಬಿಕೆಯೆಲ್ಲ ಕೈಯ ಮೇಲೆ. ಆ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ಮಾರುವವನ ಕೈ ಹಿಡಿಯುತ್ತಾನೆ, ಮೇಲೊಂದು ಟವೆಲ್ಲು ಮುಚ್ಚುತ್ತಾರೆ, ಒಳಗೆ ಬೆರಳು ಒತ್ತಿ ದರ ಕೇಳುತ್ತಾರೆ, ಬೆರಳು ಒತ್ತಿಯೇ ಆಗದು ಎನ್ನುತ್ತಾರೆ. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಟವೆಲ್ಲು ಅಲುಗಾಡುವುದಷ್ಟೇ. ಇಂಥ ಕೈಗಳನ್ನು ಹಿಡಿದೂ ಹಿಡಿದೂ ಕನಕಪ್ಪನಿಗೆ ಒಂದು ಜಂಬ ಬಂದುಬಿಟ್ಟಿತ್ತು. ಯಾರ ಕೈಯನ್ನಾದರೂ ಟವೆಲ್ಲಿನ ಕೆಳಗೆ ಒಂದು ಗಳಿಗೆ ಹಿಡಿದರೆ ಸಾಕು, ಅವನು ಕಳ್ಳನೋ ಸಾಚಾನೋ ಹೇಳಿಬಿಡುತ್ತೇನೆ ಎನ್ನುತ್ತಿದ್ದ. ಬೆವೆತ ಕೈ ಒಂದು ಹೇಳುತ್ತದಂತೆ, ತಣ್ಣಗಿನ ಕೈ ಇನ್ನೊಂದು. ಅತಿ ಬಿಗಿಯಾಗಿ ಹಿಡಿಯುವವನ ಎತ್ತನ್ನಂತೂ ಕೊಳ್ಳಲೇಬಾರದಂತೆ. ಸಂತೆಯವರು ನಗುತ್ತಿದ್ದರು. ಆದರೆ ಅವನಿಗೆ ಕೈ ಕೊಡುವ ಮುಂಚೆ ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು.

ಈ ಕನಕಪ್ಪನಿಗೆ ಇನ್ನೊಂದು ಕಸುಬಿತ್ತು, ಊರಿಗೆ ಗೊತ್ತಿದ್ದೂ ಗೊತ್ತಿಲ್ಲದಂಥದು. ಬ್ಯಾಡಗಿಯ ವಿರೂಪಾಕ್ಷಪ್ಪ ಸಾವ್ಕಾರರ ಗಂಟು ಹೊರುವುದು. ವಿರೂಪಾಕ್ಷಪ್ಪನವರು ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ಇಟ್ಟವರು. ಒಂದು ಕಾಲಕ್ಕೆ ಚುನಾವಣೆ ಗೆದ್ದವರು, ಮತ್ತೆ ಗೆಲ್ಲಬೇಕೆಂದು ಕೂತವರು. ಸರ್ಕಾರ ಯಾವ ಪಕ್ಷದ್ದಾದರೂ ಇರಲಿ, ಆ ಕಡೆಯ ಗುತ್ತಿಗೆದಾರರಿಗೆ ಸರ್ಕಾರವೆಂದರೆ ವಿರೂಪಾಕ್ಷಪ್ಪನವರೇ. ಕೆರೆಯ ಹೂಳು ತೆಗೆದರೆ ಅವರಿಗೊಂದು ಪಾಲು, ರಸ್ತೆಗೆ ಡಾಂಬರು ಬಿದ್ದರೆ ಇನ್ನೊಂದು ಪಾಲು, ಬೀಳದಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಆ ಪಾಲನ್ನು ಮೆಣಸಿನಕಾಯಿ ಚೀಲದ ನಡುವೆ ಹುದುಗಿಸಿ ಊರಿಂದೂರಿಗೆ ಮುಟ್ಟಿಸುತ್ತಿದ್ದವನು ಕನಕಪ್ಪ. ಇಷ್ಟು ವರ್ಷದಲ್ಲಿ ಒಂದು ನೋಟು ಆಚೀಚೆ ಆಗಿರಲಿಲ್ಲ, ಆಡಿದ ಮಾತೊಂದನ್ನು ಅವನು ಹಿಂದೆ ತೆಗೆದುಕೊಂಡಿರಲಿಲ್ಲ. ಲಂಚದ ಗಂಟು ಹೊರುವುದರಲ್ಲೂ ನಿಯತ್ತು ಅನ್ನುವುದೊಂದು ಇರುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಕೆಟ್ಟ ಕೆಲಸವನ್ನು ಶಿಸ್ತಿನಿಂದ ಮಾಡುವವರಿಗೆ ಇಂಥ ಸಮಾಧಾನಗಳು ಬೇಕಾಗುತ್ತವೆ, ಇರಲಿ.

ಆಮೇಲೆ ಹೆದ್ದಾರಿಯಲ್ಲಿ ಕ್ಯಾಮೆರಾ ಬಂದವು. ಚುನಾವಣೆ ಬಂತೆಂದರೆ ಚೀಲ ಬಿಚ್ಚಿಸಿ ಕೈಹಾಕಿ ನೋಡುವ ಅಧಿಕಾರಿಗಳು ಬಂದರು. ಗುತ್ತಿಗೆದಾರರು ಜಾಣರಾದರು. ರೊಕ್ಕ ಈಗ ಮೊಬೈಲಿನಲ್ಲಿ ಕ್ರಿಪ್ಟೊ ಆಗಿ ಬರತೊಡಗಿತು. ಡಾಲರಿನ ಲೆಕ್ಕದ ನಾಣ್ಯವಂತೆ, ಮುಟ್ಟಲು ಸಿಗುವುದಿಲ್ಲವಂತೆ, ದುಬೈಯಿಂದ ಬಂದರೂ ದಾವಣಗೆರೆಯಿಂದ ಬಂದರೂ ಚಿಟಿಕೆ ಹೊಡೆಯುವಷ್ಟೇ ಹೊತ್ತಂತೆ. ಅದನ್ನು ಫೋನಿನಲ್ಲಿ ಇಳಿಸಿಕೊಂಡು, ಮಾರಿ, ನಗದು ಮಾಡಿಕೊಡುವವನೊಬ್ಬ ಸಾವ್ಕಾರರಿಗೆ ಬೇಕಾದಾಗ ತಂಗಿಯ ಮಗನನ್ನು ಕರೆತಂದು ನಿಲ್ಲಿಸಿದವನು ಕನಕಪ್ಪನೇ. ಸುದೀಪ ರಾಣೇಬೆನ್ನೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ಮದುವೆಯಾದವನು, ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಮಾವನ ಹೆಗಲ ಮೇಲೆ ಬೆಳೆದವನು. "ನನ್ನ ಅಳಿಯ ಅಂದ್ರ ನಾನ ಅಂತ ತಿಳೀರಿ ಸಾವ್ಕಾರ್ರ" ಎಂದಿದ್ದ ಕನಕಪ್ಪ ಅವತ್ತು, ಎದೆ ಉಬ್ಬಿಸಿಕೊಂಡು.

ಈ ಸಲದ ಬೇಸಿಗೆಯಲ್ಲಿ ಒಂದು ದಿನ ಬ್ಯಾಡಗಿಯಿಂದ ಕರೆ ಬಂತು. ಮೆಣಸಿನಕಾಯಿ ಟೆಂಡರಿನ ದಿನ, ಊರಿಗೆ ಊರೇ ಕೆಮ್ಮುತ್ತಿತ್ತು. ಕನಕಪ್ಪ ಮೂಗಿಗೆ ಟವೆಲ್ಲು ಒತ್ತಿಕೊಂಡು ಕೋಲ್ಡ್ ಸ್ಟೋರೇಜಿನ ಆಫೀಸಿಗೆ ಕಾಲಿಟ್ಟ.

"ಬರ್ರಿ ಕನಕಪ್ಪ, ಕುಂದರ್ರಿ" ಎಂದರು ವಿರೂಪಾಕ್ಷಪ್ಪ.

ಕನಕಪ್ಪ ಬಾಗಿಲಲ್ಲೇ ನಿಂತ. ಇಷ್ಟು ವರ್ಷ 'ಬಾರಲೇ' ಎನ್ನುತ್ತಿದ್ದ ಬಾಯಿಂದ ಇವತ್ತು ಬರ್ರಿ! ಮೇಲೆ ಕುರ್ಚಿ ಬೇರೆ. ಅವನು ಕುರ್ಚಿಯ ತುದಿಗೆ ಅಂಡು ಊರಿದ. ಆಫೀಸಿನ ಮೈಲೇಶ ಚಹಾ ತಂದಿಟ್ಟು ಗೋಡೆಗೆ ಒರಗಿ ನಿಂತ. ಎರಡು ವರ್ಷದ ಹಿಂದೆ ಇದೇ ಕೋಣೆಯ ಹೊರಗೆ ಚೀಲಗಳ ಮುಂದೆ ನಿಲ್ಲಿಸಿ ಕನಕಪ್ಪನ ಫೋಟೊ ತೆಗೆದವನು ಇವನೇ. ಸಾವ್ಕಾರರು ಹೊಸ ಸೊಸೈಟಿ ಮಾಡುತ್ತಾರೆ, ಅದರಲ್ಲಿ ನೀವೂ ಒಬ್ಬ ಡೈರೆಕ್ಟರು ಎಂದು ಹೇಳಿ, ಆಧಾರ್ ಕಾರ್ಡು ಇಸಿದುಕೊಂಡು, ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕಣ್ಣು ಮಿಟುಕಿಸಿ ಎಂದು ಕುಣಿಸಿದ್ದ. ಆ ಡೈರೆಕ್ಟರಗಿರಿಯ ಸುದ್ದಿ ಮತ್ತೆ ಎತ್ತಿದವರಿಲ್ಲ. ಕೇಳಲು ಕನಕಪ್ಪನಿಗೆ ನಾಚಿಕೆ.

"ಗುತ್ತಿಗೆದಾರ್ರು ರೊಕ್ಕ ಹಾಕೇವಿ ಅಂತಾರ. ಫೋನಿನ್ಯಾಗ ತೋರಸ್ತಾರ, ಹೋಗೈತಿ ನೋಡ್ರಿ ಅಂತ. ನನಗ ಮಾತ್ರ ಬಂದು ಮುಟ್ಟವಲ್ದು" ಎಂದರು ವಿರೂಪಾಕ್ಷಪ್ಪ. "ನಿಮ್ಮ ಅಳಿಯನ್ನ ಕೇಳಿದ್ರ ನಾಣ್ಯದ ಕಂಪನಿಯವರು ತಡದಾರ ಅಂತಾನ, ಇವತ್ತು ನಾಳೆ ಅಂತಾನ. ತಿಂಗಳಾತು."

"ಹುಡುಗ ಅಂಥಾಂವಲ್ರಿ ಸಾವ್ಕಾರ್ರ."

"ನಾನೂ ಹಂಗ ಅಂದೆ. ಆದ್ರ ನಮ್ಮ ಹುಡುಗರು ಕೇಳಬೇಕಲ್ಲ? ಹೋಗಿ ಎತ್ತಿ ಹಾಕ್ಕೊಂಡ ಬರ್ತೇವಿ ಅಂತ ಕುಣ್ಯಾಕತ್ತಾರ. ತಡೀರಿ ಅಂದೆ. ಮೊದಲು ಕನಕಪ್ಪ ಕೈ ಹಿಡದು ನೋಡ್ಲಿ. ಕನಕಪ್ಪ ಸಾಚಾ ಅಂದ್ರ ಸಾಚಾ, ಆ ಹುಡುಗನ್ನ ಯಾರೂ ಮುಟ್ಟಂಗಿಲ್ಲ. ಕಳ್ಳ ಅಂದ್ರ..." ವಿರೂಪಾಕ್ಷಪ್ಪ ಏಲಕ್ಕಿ ಸುಲಿದು ಬಾಯಿಗೆ ಹಾಕಿಕೊಂಡರು. "ನಿಮ್ಮ ಮಾತು ಇವತ್ತಿನತನಾ ಸುಳ್ಳಾಗಿಲ್ಲ. ಅದಕ್ಕ ಕರಿಸೇನಿ."

ಎದ್ದು ಬಂದು ಕನಕಪ್ಪನ ಹೆಗಲ ಮೇಲೆ ಕೈಯಿಟ್ಟರು. ಬೆಚ್ಚಗಿನ, ಒಣಗಿದ, ನಿಶ್ಚಿಂತೆಯ ಕೈ. ಕನಕಪ್ಪನಿಗೆ ಕಣ್ಣು ತುಂಬಿ ಬಂತು. ಲೋಕದ ಕೈಗಳನ್ನೆಲ್ಲ ಟವೆಲ್ಲಿನೊಳಗೆ ಹಿಡಿದು ತೂಗಿದ ಈ ಪುಣ್ಯಾತ್ಮ ಈ ಒಂದು ಕೈಯನ್ನು ಮಾತ್ರ ಯಾವತ್ತೂ ಹಿಡಿದು ನೋಡಿರಲಿಲ್ಲ. ಸಾವ್ಕಾರರ ಕೈ ಎಳೆದು ಟವೆಲ್ಲು ಮುಚ್ಚುವ ಎದೆಗಾರಿಕೆ ಯಾರಿಗಿರುತ್ತದೆ ಹೇಳಿ.

ರಾಣೇಬೆನ್ನೂರಿನ ಬಸ್ಸು ಹತ್ತುವಾಗ ಅವನಿಗೆ ಅಳಿಯನ ಮೇಲೆ ಏನೂ ಅನುಮಾನವಿರಲಿಲ್ಲ. ಇಳಿಯುವಾಗ ಇತ್ತು. ದಾರಿಯುದ್ದಕ್ಕೂ ಒಂದೊಂದೇ ನೆನಪು ಎದ್ದು ಕೂತಿತ್ತು. ಹೋದ ದೀಪಾವಳಿಗೆ ಹುಡುಗ ತಾಯಿಗೆ ಇಳಕಲ್ ಸೀರೆ ತಂದ. ಎಲ್ಲಿಂದ ಬಂತು? ಹೆಂಡತಿ ಸುಚಿತ್ರಾಳಿಗೆ ಬಟ್ಟೆ ಒಗೆಯುವ ಮಷೀನು ತಂದ. ಸಾಲ ಮಾಡಿ ತಂದೆ ಅಂದ, ಆದರೆ ಕಂತು ಕಟ್ಟಿದ್ದನ್ನು ನೋಡಿದವರು ಯಾರು? ಈಚೆಗೆ ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ಸರಿಯಾಗಿ ಮಾತಾಡುವುದಿಲ್ಲ. ಅನುಮಾನಕ್ಕೆ ಒಮ್ಮೆ ಬಾಗಿಲು ತೆಗೆದರೆ ಮುಗಿಯಿತು, ಅದು ಮನೆಯ ಪಾತ್ರೆ ಪಗಡೆಯನ್ನೂ ಸಾಕ್ಷಿಗೆ ಕರೆಯುತ್ತದೆ.

ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಸುದೀಪ ಕೈಯಲ್ಲಿದ್ದ ಫೋನನ್ನು ಮಗುಚಿ ಇಟ್ಟ. ಕನಕಪ್ಪ ಅದನ್ನು ನೋಡಿದ. ತಾನು ನೋಡಿದ್ದು ಅಳಿಯನಿಗೆ ತಿಳಿದದ್ದನ್ನೂ ನೋಡಿದ.

"ಏನು ಮಾವ, ಹೇಳದ ಕೇಳದ?"

"ಯಾಕ, ಹೇಳಿ ಬರಬೇಕೇನು?"

"ಹಂಗಲ್ಲ, ಕುಂದರು."

ಹುಡುಗ ಸೊರಗಿದ್ದ. ಗಡ್ಡ ಬಿಟ್ಟಿದ್ದ. ರಸ್ತೆಯಲ್ಲಿ ಯಾವ ಗಾಡಿ ನಿಂತರೂ ತಲೆ ಎತ್ತಿ ನೋಡುತ್ತಿದ್ದ. ಕನಕಪ್ಪ ಅಂಗಡಿಯ ಒಳಗೋಡೆ, ಮೇಲಿನ ಹಲಗೆ, ಮೇಜಿನ ಕೆಳಗಿನ ರಟ್ಟಿನ ಡಬ್ಬಿ ಎಲ್ಲವನ್ನೂ ಕಣ್ಣಲ್ಲೇ ಜಾಲಾಡಿದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಈ ರೊಕ್ಕಕ್ಕೆ ರೂಪವಿಲ್ಲ, ಗಂಟಿಲ್ಲ, ವಾಸನೆಯೂ ಇಲ್ಲ. ಕೊನೆಗೆ ಏನೂ ತಿಳಿಯದವನಂತೆ ಕೇಳಿದ:

"ಅಲ್ಲೋ, ಈ ಡಾಲರ್ ನಾಣ್ಯದ ವ್ಯವಹಾರ ಹೆಂಗ ನಡೀತೈತಿ? ನನಗೂ ಒಂಚೂರು ತೋರ್ಸು."

ಸುದೀಪ ಫೋನು ತಿರುಗಿಸಿ ಉದ್ದುದ್ದ ಅಕ್ಷರಗಳ ಸಾಲು ತೋರಿಸಿದ. "ಇಲ್ಲಿ ನೋಡು. ಯಾವ ಖಾತೆಯಿಂದ ಯಾವ ಖಾತೆಗೆ ಎಷ್ಟು ಹೋತು, ಎಷ್ಟೊತ್ತಿಗೆ ಹೋತು, ಇಡೀ ಜಗತ್ತು ಕುಂತು ನೋಡಬಹುದು. ಅಳಸಾಕ ಬರಂಗಿಲ್ಲ, ಮುಚ್ಚಿಡಾಕ ಬರಂಗಿಲ್ಲ. ಖಾತೆ ಯಾರ್ದು ಅನ್ನೋದೊಂದ ಕಾಣಂಗಿಲ್ಲ. ಅದು ಗೊತ್ತಾಗಬೇಕಂದ್ರ ಕಂಪನಿಯವರ ಹೇಳಬೇಕು." ಕೊನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು.

ಕನಕಪ್ಪನಿಗೆ ಇದು ವಿಚಿತ್ರವೆನಿಸಿತು. ತನ್ನ ಸಂತೆಯಲ್ಲಿ ಕೈ ಎಲ್ಲರಿಗೂ ಕಾಣುತ್ತದೆ, ದರ ಯಾರಿಗೂ ಕಾಣುವುದಿಲ್ಲ. ಇಲ್ಲಿ ದರವನ್ನು ಡಂಗುರ ಸಾರುತ್ತಾರೆ, ಕೈಯನ್ನು ಮುಚ್ಚಿಡುತ್ತಾರೆ. ಇಂಥ ಸಂತೆಯಲ್ಲಿ ಕಳ್ಳರು ಬಿಟ್ಟರೆ ಬೇರೆ ಯಾರು ಅಂಗಡಿ ಹಾಕುತ್ತಾರೆ ಎಂದುಕೊಂಡ. ಮತ್ತೆ ಹೆಚ್ಚು ಯೋಚಿಸಲಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದ.

"ಕೈ ಕೊಡು."

ಸುದೀಪನ ಮುಖ ಬಿಳಿಚಿತು. ಚಿಕ್ಕಂದಿನಲ್ಲಿ ಮಾವನ ಜೊತೆ ಸಂತೆಗೆ ಹೋದವನು, ಟವೆಲ್ಲು ಹೆಗಲಿನಿಂದ ಇಳಿದರೆ ಏನರ್ಥವೆಂದು ಅವನಿಗೆ ಗೊತ್ತು. ಅರ್ಧ ಶಟರ್ ಎಳೆದು ಬಂದು ಎದುರಿಗೆ ಕೂತು ಕೈ ಚಾಚಿದ. ಕನಕಪ್ಪ ಆ ಕೈ ಹಿಡಿದು ಮೇಲೆ ಟವೆಲ್ಲು ಮುಚ್ಚಿದ. ಹೊರಗೆ ಬಿಸಿಲು ಉರಿಯುತ್ತಿದ್ದರೂ ಕೈ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಬೆವೆಯಿತು. ಆಮೇಲೆ ನಡುಗತೊಡಗಿತು, ಎಷ್ಟೆಂದರೆ ಟವೆಲ್ಲಿನ ಅಂಚು ಅಲ್ಲಾಡುವಷ್ಟು. ಕನಕಪ್ಪ ಬಿಡಲಿಲ್ಲ, ಮಾತೂ ಆಡಲಿಲ್ಲ.

"ಮಾವ" ಎಂದ ಹುಡುಗ.

"ಏನು?"

"ಏನಿಲ್ಲ. ಚಹಾ ತರಸ್ಲೇನು?"

"ಬ್ಯಾಡ." ಕನಕಪ್ಪ ಕೈ ಬಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಅವನ ಪಾಲಿಗೆ ವ್ಯಾಪಾರ ಮುಗಿದಿತ್ತು. ಆದರೆ ಎತ್ತಿಕೊಂಡು ತಿರುಗಿದ ಕೂಸು ಇದು. ಇದರ ಕೈ ಹೀಗೆ ಎಂದು ಯಾರಾದರೂ ಹೇಳಿದ್ದರೆ ಅವರ ಹಲ್ಲು ಉದುರಿಸುತ್ತಿದ್ದ.

ನೆಟ್ಟಗೆ ಊರಿಗೆ ಹೋಗಲು ಮನಸ್ಸು ಬರಲಿಲ್ಲ. ಹಲಗೇರಿಯಲ್ಲಿದ್ದ ತಂಗಿ ಉಚ್ಚಂಗೆವ್ವನ ಮನೆಗೆ ಹೋದ. ಮಗನದು ತಪ್ಪಿಲ್ಲವೆಂದು ನಂಬುವಂಥ ಒಂದು ಮಾತು ಅವಳ ಬಾಯಿಂದ ಸಿಕ್ಕೀತೆಂಬ ಆಸೆ ಇರಬೇಕು. ಅವಳು ರೊಟ್ಟಿ ಬಡಿದು ಹಾಕಿ, ಬದನೆಕಾಯಿ ಎಣ್ಣೆಗಾಯಿ ಬಡಿಸಿ, ಅಣ್ಣ ತುತ್ತು ಎತ್ತುವ ಹೊತ್ತಿಗೆ ಅಂದಳು:

"ಅಣ್ಣಾ, ನಿನ್ನ ಆಧಾರ್ ಕಾರ್ಡಿನ ಜೆರಾಕ್ಸ್ ನನ್ನ ಟ್ರಂಕಿನ್ಯಾಗ ಇತ್ತಲ್ಲ, ನಮ್ಮ ಹೊಲದ ಕಾಗದದ ಜೋಡಿ? ಹೋದ ತಿಂಗಳ ಸುದೀಪ ಬಂದು ಅದನ್ನ ಒಯ್ದ. ಯಾಕಲೇ ಅಂದ್ರ, ಮಾವಗ ಹೇಳಬ್ಯಾಡ ಅಂದ."

ಕನಕಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ.

"ಹಂಗಂದನಾ?"

"ಹೂಂ. ರಾತ್ರಿ ನಿದ್ದಿ ಮಾಡವಲ್ಲ ಅಂತ ಸುಚಿತ್ರಾ ಅಳ್ತಾಳ. ನನ್ನ ಮಗ ಏನರ ಮಾಡ್ಕೊಂಡಾನೇನೋ ಅಣ್ಣಾ? ನೀ ಕೇಳು ಅವನ್ನ. ನಿನ್ನ ಮುಂದ ಹೇಳ್ತಾನ."

"ಕೇಳ್ತೇನಿ ತಗೋ" ಎಂದ ಕನಕಪ್ಪ. ಕೇಳುವುದೇನು ಉಳಿದಿದೆ ಎಂದು ಮನಸ್ಸಿನಲ್ಲಿ ಅಂದುಕೊಂಡ. ಕೈ ಹೇಳಿಯಾಗಿತ್ತು, ಈಗ ಹೆತ್ತ ತಾಯಿಯೇ ಸಾಕ್ಷಿ ನುಡಿದಂತಾಯಿತು. ಮಾವನ ಕಾರ್ಡು ಕದ್ದೊಯ್ಯುವವನು ಸಾವ್ಕಾರರ ರೊಕ್ಕ ಬಿಟ್ಟಾನೆಯೇ?

ಹಲಗೇರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬ್ಯಾಡಗಿಗೆ ಫೋನು ಹಚ್ಚಿದ.

"ಹುಡುಗನ ಕೈ ಸ್ವಚ್ಛಿಲ್ರಿ ಸಾವ್ಕಾರ್ರ."

ಆ ಕಡೆಯಿಂದ ಒಂದು ಉಸಿರು ಕೇಳಿಸಿತು, ಭಾರ ಇಳಿದವರದು.

"ಆದ್ರ ಕೈ ಎತ್ತಬ್ಯಾಡ್ರಿ ಅವನ ಮ್ಯಾಲೆ. ನಾನ ಬುದ್ಧಿ ಹೇಳಿ ರೊಕ್ಕ ಹೊರಗ ತಗಸ್ತೇನಿ. ನಿಮ್ಮ ಕಾಲಿಗೆ ಬೀಳ್ತೇನ್ರಿ."

"ಏ ಹುಚ್ಚಾ, ನಿನ್ನ ಅಳಿಯ ಅಂದ್ರ ನನಗ ಬ್ಯಾರೇನೋ? ಹೋಗು, ಹೋಗಿ ಮಲಕ್ಕೋ" ಎಂದರು ವಿರೂಪಾಕ್ಷಪ್ಪ. ಹಳೆಯ ಸಲುಗೆಯ ಮಾತು ಮರಳಿ ಬಂದಿತ್ತು. ಕನಕಪ್ಪನಿಗೆ ಅಷ್ಟರಿಂದಲೇ ಸಮಾಧಾನವಾಯಿತು. ಎಂಥ ಮೂರ್ಖ ನೋಡಿ.

ಮರುದಿನ ಮಧ್ಯಾಹ್ನ ಸುಚಿತ್ರಾಳ ಫೋನು ಬಂತು. ಮಾತಿಗಿಂತ ಅಳುವೇ ಹೆಚ್ಚು. ನಾಲ್ಕೈದು ಜನ ಅಂಗಡಿಗೆ ನುಗ್ಗಿದ್ದರಂತೆ. ಗಾಜು ಒಡೆದರಂತೆ, ಇದ್ದ ಫೋನುಗಳನ್ನೆಲ್ಲ ಬಾಚಿಕೊಂಡು ಹೋದರಂತೆ, ಹೋಗುವಾಗ ಸುದೀಪನ ಬಲಗೈಯನ್ನು ಶಟರಿನ ಕೆಳಗೆ ಇಟ್ಟು ಶಟರ್ ಎಳೆದರಂತೆ. "ನಿಮ್ಮ ಮಾವನ ಹೇಳ್ಯಾನ ನೀ ಕಳ್ಳ ಅಂತ, ಅಂದ್ರಂತ್ರೀ" ಎಂದು ಅವಳು ಚೀರಿದಳು. ಕನಕಪ್ಪ ಫೋನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದು ಕೂತ. ಸಾಯಬೇಕೆನಿಸಿತು ಅವನಿಗೆ, ಸುಳ್ಳಲ್ಲ.

ಅದರ ಬೆನ್ನಿಗೇ ವಿರೂಪಾಕ್ಷಪ್ಪನವರ ಕರೆ. "ಹುಡುಗರು ನನ್ನ ಮಾತು ಮೀರಿಬಿಟ್ರೋ ಕನಕಪ್ಪ, ಬೈದೇನಿ. ಈಗ ಲಗೂ ಒಂದು ಕೆಲ್ಸ ಮಾಡು. ಹಾವೇರಿ ಸೈಬರ್ ಠಾಣೇದಾಗ ಕಂಪ್ಲೇಂಟ್ ಕೊಡಿಸೇನಿ. ನಿನ್ನ ಅಳಿಯ ನಿನ್ನ ಆಧಾರ್ ಕದ್ದು, ನಿನ್ನ ಹೆಸರಿನ್ಯಾಗ ಖಾತೆ ತಗದು, ಮಂದಿ ರೊಕ್ಕ ನುಂಗ್ಯಾನ. ನಾಳೆ ನಿನ್ನ ಕರೀತಾರ. ನನಗ ಹೇಳಿದ್ದನ್ನ ಅಲ್ಲಿ ಹೇಳು, ಅವನ ಕೈ ಸ್ವಚ್ಛಿಲ್ಲ ಅಂತ. ಮುಗೀತು. ಬಡವ, ಏನೂ ಅರಿಯದ ಮುದುಕ, ನಿನ್ನ ಕೂದಲೂ ಕೊಂಕಂಗಿಲ್ಲ."

"ನನ್ನ ಹೆಸರಿನ್ಯಾಗ ಖಾತೆನಾ?"

"ಹೌದೋ. ಎಲ್ಲಾ ರೊಕ್ಕ ಅದರಾಗ ಬಂದೈತಿ. ನೀ ಸುಮ್ಮಕಿದ್ರ ನೀನ ಒಳಗ ಹೋಗ್ತಿ, ನೋಡು."

ಆ ರಾತ್ರಿ ಕನಕಪ್ಪ ಮಗ್ಗುಲು ಬದಲಿಸುತ್ತ ಅಳಿಯನನ್ನು ಶಪಿಸಿದ. ಬೆಳಗಿನ ಹೊತ್ತಿಗೆ ಒಂದು ಮುಳ್ಳು ಚುಚ್ಚತೊಡಗಿತು. ಕಾರ್ಡಿನ ಜೆರಾಕ್ಸ್ ಹುಡುಗ ಒಯ್ದದ್ದು ಹೋದ ತಿಂಗಳು. ಫೋನಿನ ರೊಕ್ಕ ಬರತೊಡಗಿ ಎರಡು ವರ್ಷವಾಗಿತ್ತು. ಅಷ್ಟು ದಿನ ಅದು ಯಾರ ಖಾತೆಗೆ ಬೀಳುತ್ತಿತ್ತು?

ಹಾವೇರಿಯ ಠಾಣೆಯಲ್ಲಿ ಸುದೀಪ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಲಗೈಗೆ ದಪ್ಪ ಬಿಳಿ ಪಟ್ಟಿ ಸುತ್ತಿ ಕೊರಳಿಗೆ ಜೋತುಹಾಕಿದ್ದರು. ಮಾವನನ್ನು ಕಂಡು ತಲೆ ಬಗ್ಗಿಸಿದ. ಕನಕಪ್ಪನಿಗೆ ಅವನನ್ನು ದಾಟಿ ಒಳಗೆ ಹೋಗುವುದೇ ಕಷ್ಟವಾಯಿತು.

ಸಬ್ ಇನ್‌ಸ್ಪೆಕ್ಟರ್ ಬೇನಜೀರ ಮೇಡಂ ಚಿಕ್ಕ ವಯಸ್ಸಿನವರು. ಮಾತು ಮೆತ್ತಗೆ, ಕಣ್ಣು ಮಾತ್ರ ಎಲ್ಲವನ್ನೂ ಅಳೆಯುವಂಥವು. ಕನಕಪ್ಪನಿಗೆ ನೀರು ಕೊಡಿಸಿ, ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಅಜ್ಜಾರ, ಇದನ್ನ ನೋಡ್ರಿ. ಈ ಖಾತೆ ತಗಿಯೋವಾಗ ಕಂಪನಿಯವರು ತಗೊಂಡ ವಿಡಿಯೋ. ನಾವು ಕೇಳಿದ್ದಕ್ಕ ಕಳಿಸ್ಯಾರ. ಇದು ನೀವ ಹೌದಲ್ಲ?"

ಪರದೆಯ ಮೇಲೆ ಕನಕಪ್ಪ ಇದ್ದ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕಣ್ಣು ಮಿಟುಕಿಸಿದ. ಡೈರೆಕ್ಟರ್ ಆಗುವ ಸಂಭ್ರಮದಲ್ಲಿ ಹಲ್ಲು ಕಿರಿದ. ಬೆನ್ನ ಹಿಂದೆ ಕೆಂಪು ಚೀಲಗಳ ಸಾಲು, ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು. "ಇನ್ನೊಮ್ಮೆ ಮಿಟಕಸ್ರಿ" ಎಂಬ ಮೈಲೇಶನ ದನಿಯೂ ಇತ್ತು. ಹರಕೆಯ ಕುರಿ ತನ್ನ ಮೆರವಣಿಗೆಯನ್ನು ತಾನೇ ನೋಡಿದಂತಾಯಿತು. ನಾಚಿಕೆಯಿಂದ ಅವನ ಕಿವಿ ಸುಟ್ಟವು.

"ಈ ಖಾತೆ ನಿಮ್ಮ ಹೆಸರಿನ್ಯಾಗ ಐತಿ ಅಂತ ನಿಮ್ಮ ಅಳಿಯಗೂ ಗೊತ್ತಿರಲಿಲ್ಲ" ಎಂದರು ಮೇಡಂ. "ವಿರೂಪಾಕ್ಷಪ್ಪನವರು ಕೊಟ್ಟ ಫೋನಿನ್ಯಾಗ ಕೆಲ್ಸ ಮಾಡ್ತಿದ್ದ. ಒಂದಿನ ಕಂಪನಿಯವರು ಮತ್ತ ಗುರುತು ಕೇಳ್ಯಾರ, ಆಗ ಹೆಸರು ಕಂಡೈತಿ. ನಿಮ್ಮ ಕಾರ್ಡಿನ ನಂಬರ್ ತಂದು ತಾಳೆ ನೋಡ್ಯಾನ. ಅವತ್ತಿನಿಂದ ರೊಕ್ಕ ಮುಂದ ಕಳಿಸೋದು ನಿಲ್ಲಿಸಿ, ಇಲ್ಲಿಗೆ ಬಂದು ನನಗ ಹೇಳ್ಯಾನ. ನಮ್ಮ ಮಾವಗ ಇದ್ಯಾವುದೂ ತಿಳಿಯಂಗಿಲ್ರಿ, ಅವನ್ನ ಉಳಿಸ್ರಿ ಅಂತ. ನೀವು ಅವನ ಕೈ ಹಿಡದು ನೋಡಿದ್ದು ಆಮ್ಯಾಲೆ, ಅದನ್ನೂ ಅವನ ಹೇಳ್ಯಾನ." ಮೇಜಿನ ಮೇಲಿನ ಒಂದು ಹಾಳೆ ಎಳೆದುಕೊಂಡರು: "ಈಗ ವಿರೂಪಾಕ್ಷಪ್ಪನವರು ಕೊಡಿಸಿದ ಕಂಪ್ಲೇಂಟಿನ್ಯಾಗ ಬರದೈತಿ, ಹುಡುಗ ಕಳ್ಳ ಅಂತ ಸ್ವಂತ ಮಾವನ ಹೇಳ್ಯಾನ ಅಂತ. ನೀವು ಹೌದಂದ್ರ ಅವನ ಮಾತಿಗೆ ತೂಕ ಉಳಿಯಂಗಿಲ್ಲ, ನೀವು ಪಾರಾಗ್ತೀರಿ. ಇಲ್ಲಂದ್ರ ಖಾತೆ ನಿಮ್ಮದು, ಮುಖ ನಿಮ್ಮದು. ಎಲ್ಲಾದಕ್ಕೂ ನೀವ ಉತ್ತರ ಕೊಡಬೇಕಾಗ್ತೈತಿ. ವಿಚಾರ ಮಾಡಿ ಹೇಳ್ರಿ."

ವಿಚಾರ ಮಾಡುವುದೇನಿತ್ತು? ಆದರೂ ಕನಕಪ್ಪನಿಗೆ ತನ್ನ ಮಾತೇ ಅಡ್ಡ ಬಂತು. ಸಂತೆಯಲ್ಲಿ ಕೊಟ್ಟ ದರವನ್ನು ಅವನು ಯಾವತ್ತೂ ತಿರುಗಿಸಿದವನಲ್ಲ. ಆಡಿದ ಮಾತು ನುಂಗಿದ ದಲಾಲಿಯ ಟವೆಲ್ಲಿನೊಳಗೆ ಆ ಮೇಲೆ ಯಾರೂ ಕೈಯಿಡುವುದಿಲ್ಲ, ಅದು ಅಲ್ಲಿಯ ಕಾನೂನು. ಅವನಿಗೆ ಹೊಲವಿರಲಿಲ್ಲ, ಗಂಡುಮಕ್ಕಳಿರಲಿಲ್ಲ, ಇದ್ದದ್ದು ಆ ಒಂದು ಮಾತು.

"ಹೇಳಿದ್ದು ಖರೇರಿ. ಹುಡುಗನ ಕೈ ಸ್ವಚ್ಛಿಲ್ಲ ಅಂತ ಸಾವ್ಕಾರ್ರಿಗೆ ನಾನ ಹೇಳೇನಿ" ಎಂದ.

ಮೇಡಂ ಪೆನ್ನು ಕೈಗೆತ್ತಿಕೊಂಡರು.

"ಅದು ಸುಳ್ಳರಿ. ಬರ್ಕೋರಿ, ಕನಕಪ್ಪ ಸುಳ್ಳು ಹೇಳ್ಯಾನ ಅಂತ ಬರ್ಕೋರಿ. ಆ ಹುಡುಗ ಒಂದು ಪೈಸಾ ಮುಟ್ಟಿಲ್ಲ, ಮೈಲಾರಲಿಂಗನ ಆಣೆ. ಆ ಮುಖ ನಂದು, ಆ ಚೀಲ ವಿರೂಪಾಕ್ಷಪ್ಪನ್ದು, ಮಿಟಕಸ್ರಿ ಅಂದಾಂವ ಮೈಲೇಶ. ಅಷ್ಟ ಅಲ್ಲ, ಇದಕ್ಕಿಂತ ಮೊದಲೂ ಹೊತ್ತೇನಿ. ಯಾರ ಕಡೆಯಿಂದ, ಯಾರ ಮನಿಗೆ, ಎಲ್ಲಾ ಹೇಳ್ತೇನಿ."

ಹೇಳಿದ. ಮೇಡಂ ಎಷ್ಟೋ ಹೊತ್ತು ಬರೆದುಕೊಂಡರು. 'ಒಂದು ಪೈಸಾ ಮುಟ್ಟಿಲ್ಲ' ಅನ್ನುವಲ್ಲಿ ಮಾತ್ರ ಒಮ್ಮೆ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದ್ದರು, ಏನೂ ಕೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಹೊರಗೆ ಕೂತಿರಿ, ಮತ್ತೆ ಕರೆಯುತ್ತೇನೆ ಎಂದರು. ಎದ್ದು ಬರುವಾಗ ಕನಕಪ್ಪನ ಎದೆ ಹಗುರವಾಗಿತ್ತು. ನಾಲಿಗೆ ಹೋದರೆ ಹೋಯಿತು, ಹುಡುಗ ಉಳಿದ ಎಂದುಕೊಂಡು ಬೆಂಚಿನ ಆ ತುದಿಗೆ ಕೂತ.

"ಒಳಗಿಂದು ಕೇಳಿಸ್ತು" ಎಂದ ಸುದೀಪ, ನೆಲ ನೋಡುತ್ತ. "ಒಂದು ಪೈಸಾ ಮುಟ್ಟಿಲ್ಲ ಅಂತ ಯಾಕ ಆಣಿ ಮಾಡಿದಿ ಮಾವ?"

"ಮತ್ತ?"

"ಮುಟ್ಟೇನಿ. ಶುರುವಿಗೆ. ಯಾರಿಗೂ ತಿಳಿಯಂಗಿಲ್ಲ ಅಂತ ಒಂದಿಷ್ಟು ನನ್ನ ಕಡೆ ತಿರುಗಿಸ್ಕೊಂಡೆ. ಮೇಡಮ್ಮರಿಗೆ ಮೊದಲನೇ ದಿನಾನ ಹೇಳೇನಿ."

ಕನಕಪ್ಪ ಬೆಂಚಿನ ಅಂಚನ್ನು ಹಿಡಿದುಕೊಂಡ. ಹಾಗಾದರೆ ಆ ಕೈ ಹೇಳಿದ್ದು ನಿಜವೇ ಆಗಿತ್ತು. ಅವನ ಜೀವಮಾನದ ಮೊದಲನೇ ಸುಳ್ಳು ಈಗಷ್ಟೇ, ಒಳಗೆ, ದೇವರ ಆಣೆಯ ಸಮೇತ ಬಿದ್ದಿತ್ತು. ಅದೂ ಯಾರಿಗೂ ಉಪಯೋಗಕ್ಕೆ ಬಾರದ ಸುಳ್ಳು. ಸಿಟ್ಟು ಬಂತು, ಅಳುವೂ ಬಂತು. ಮುರಿದ ಆ ಕೈಯ ಕಡೆ ನೋಡಿದಾಗ ಸಿಟ್ಟು ನಿಲ್ಲಲಿಲ್ಲ.

"ಆಕೀಗೆ ಹೇಳ್ದಿ. ನನಗ ಹೇಳಾಕ ಏನಾಗಿತ್ತಲೇ ನಿನಗ?"

"ಅವತ್ತು ನೀ ಬಂದು ಟವೆಲ್ಲು ಮುಚ್ಚಿ ಕೈ ಹಿಡಕೊಂಡ್ಯಲ್ಲ" ಎಂದ ಸುದೀಪ. "ಈಗ ಕೇಳ್ತಾನ, ಈಗ ಕೇಳ್ತಾನ ಅಂತ ಕುಂತಿದ್ದೆ ಮಾವ. ತಿಂದೀಯೇನಲೇ ಅಂತ ಒಂದು ಮಾತು ಕೇಳಿದ್ರ ಎಲ್ಲಾ ಹೇಳಿಬಿಡ್ತಿದ್ದೆ. ನೀ ಕೇಳಲೇ ಇಲ್ಲ."

ಕನಕಪ್ಪ ಬೆಂಚಿನ ಆ ತುದಿಯಿಂದ ಹುಡುಗನ ಹತ್ತಿರಕ್ಕೆ ಸರಿದ. ಒಳಗಿನಿಂದ ಮೇಡಂ ಇಬ್ಬರ ಹೆಸರನ್ನೂ ಕರೆದರು.